ಎಲೆಯ ಹೆಸರು ಹೇಳಿದ ಭಾನುವಾರ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನೈಟ್ರಿಕ್ ಆಮ್ಲದ ಬಾಟಲಿ ಎತ್ತುವಾಗ ಎರಡು ಜೊತೆ ಗ್ಲೋವ್ಸ್ ಹಾಕಿಕೊಳ್ಳುವವಳು, ಇಲಿಗೆ ಔಷಧಿ ಕುಡಿಸುವಾಗ ಇಲಿಗಿಂತ ಹೆಚ್ಚು ನಡುಗುವವಳು ನಾನು. ಹಾಗಾಗಿ ಆ ಮಧ್ಯಾಹ್ನ ಯಂತ್ರದ ಪರದೆಯ ಮೇಲೆ ಸೀಸದ ಅಂಕಿ ಮೂಡಿದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದ್ದು. ಯಾರೂ ಇರಲಿಲ್ಲ. ಸೊಪ್ಪಿನ ಔಷಧಿಯಲ್ಲಿ ಇಷ್ಟರವರೆಗೆ ಸೀಸ ಇರಬಹುದು ಎಂದು ಒಂದು ಮಿತಿ ಇದೆ. ನನ್ನ ಸೊಪ್ಪು ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿ ಕೂತಿತ್ತು.

ನಾನಾಗ ರಾಜಾಜಿನಗರದ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಗಿಡಮೂಲಿಕೆಗಳ ಶಾಸ್ತ್ರ. ಗಿಡ ಗುರುತಿಸು, ನೆರಳಲ್ಲಿ ಒಣಗಿಸು, ಪುಡಿ ಮಾಡು, ಸಾರ ತೆಗಿ, ಆಮೇಲೆ ಅದು ನಿಜವಾಗಿ ಕೆಲಸ ಮಾಡುತ್ತದಾ ನೋಡು. ಇಷ್ಟೇ ಅದರ ಸಾರಾಂಶ. ನಾನು ಹಿಡಿದ ವಿಷಯ ಕಾಮಾಲೆಗೆ ಕೊಡುವ ಒಂದು ಮನೆಮದ್ದು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಒಳಗೆ ಹೋದರೆ, ಬಡಾವಣೆಗಳ ಮಧ್ಯೆ ಸಿಕ್ಕಿಕೊಂಡ ಹಳೇ ಹಳ್ಳಿಯೊಂದರಲ್ಲಿ ಅದನ್ನು ಕೊಡುವ ಅಜ್ಜಿ ಇದ್ದಾರೆ. ಅವರ ಹೊಲವೆಲ್ಲ ಸೈಟುಗಳಾಗಿ ಹೋಗಿವೆ. ಮಕ್ಕಳು ಹಿಂದೆ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಅಜ್ಜಿ ಮಾತ್ರ ಮುಂದಿನ ಹೆಂಚಿನ ಮನೆ ಬಿಟ್ಟು ಅಲ್ಲಾಡಿಲ್ಲ. ಪ್ರತಿ ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಆ ಮನೆಯ ಹೊಸ್ತಿಲ ಮುಂದೆ ಸಾಲು ನಿಲ್ಲುತ್ತಿತ್ತು. ಅರೆದ ಹಸಿ ಸೊಪ್ಪಿನ ಒಂದು ಉಂಡೆ, ಮೇಲೊಂದು ಲೋಟ ಮಜ್ಜಿಗೆ. ಮೂರು ಭಾನುವಾರ, ಉಪ್ಪು ಎಣ್ಣೆ ಬಿಟ್ಟು ಪಥ್ಯ.

ಆ ಮನೆಗೊಂದು ಕಟ್ಟುಪಾಡಿತ್ತು. ಸೊಪ್ಪಿನ ಹೆಸರನ್ನು ಹೊಸ್ತಿಲ ಮೇಲೆ ಯಾರೂ ಎತ್ತಬಾರದು.

"ನಿಮ್ಮ ಪುಸ್ತಕದಾಗೆ ಇಂಗ್ಲಿಷ್ನಾಗೆ ಏನಾರ ಬರ್ಕೊ, ನಂಗೇನೂ ಇಲ್ಲ," ಎಂದಿದ್ದರು ಅಜ್ಜಿ, ಮೊದಲ ಸಲ ಬುಟ್ಟಿ ತೋರಿಸುವಾಗ. "ಹೊಸ್ಲು ಮೇಲೆ, ರೋಗಿ ಕಿವಿಗೆ ಬೀಳೋ ಹಂಗೆ ಮಾತ್ರ ಆ ಹೆಸ್ರು ಎತ್ಬೇಡ ಕಣವ್ವ. ಹೆಸ್ರು ಬಿದ್ರೆ ಔಷಧಿ ಮನೆ ಬಿಟ್ಟು ಹೋಯ್ತದೆ. ಸಾಯೋವಾಗ ನಮ್ಮತ್ತೆ ನನ್ನ ಕೈ ಹಿಡ್ಕಂಡು ಭಾಷೆ ತಗೊಂಡವ್ರೆ."

ನಾನೂ ಭಾಷೆ ಕೊಟ್ಟೆ. ಹಾಗೆ ನೋಡಿದರೆ ಅದೇನು ದೇವಲೋಕದ ಬಳ್ಳಿಯಲ್ಲ, ಅರ್ಧ ಬೆಂಗಳೂರಿಗೆ ಗೊತ್ತಿರುವ ಸೊಪ್ಪು. ಫುಟ್‌ಪಾತಿನ ಬಿರುಕಿನಲ್ಲೂ ಹುಟ್ಟುತ್ತದೆ. ಆದರೂ ಮಾತು ಮಾತೇ.

ಮೊದಲ ವರ್ಷದ ಸೊಪ್ಪು ಅಜ್ಜಿಯ ಮನೆಯ ಹಿಂದೆ ಉಳಿದಿದ್ದ ತುಂಡು ಹೊಲದ್ದು. ಪ್ಯಾರಾಸಿಟಮಾಲ್ ಅತಿಯಾಗಿ ಕುಡಿಸಿ ಇಲಿಗಳ ಲಿವರ್ ಕೆಡಿಸುತ್ತಿದ್ದೆವು. ಆಮೇಲೆ ಸೊಪ್ಪಿನ ಸಾರ ಕುಡಿದವು ಚೇತರಿಸಿಕೊಳ್ಳುತ್ತಿದ್ದವು, ಕುಡಿಯದವು ಇಲ್ಲ. ಫಲಿತಾಂಶ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾನು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಮನೆಯೆಂದರೆ ಕುರುಬರಹಳ್ಳಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ನಾನು ಮತ್ತು ನನ್ನ ತಮ್ಮ. ನಾವು ಗದಗದ ಕಡೆಯವರು. ತಮ್ಮ ಊಟ ಡೆಲಿವರಿ ಮಾಡುತ್ತಾನೆ. ಊರಿಗೆಲ್ಲ ಬಿಸಿ ಊಟ ತಲುಪಿಸಿ ತಾನು ಎಲ್ಲಿ ಏನು ಸಿಕ್ಕಿದರೆ ಅದನ್ನು ತಿಂದು, ಯಾವ ನಲ್ಲಿ ಕಂಡರೆ ಆ ನಲ್ಲಿಯ ನೀರು ಕುಡಿದು ಬರುವವನು.

ಅಜ್ಜಿಯ ಬುಟ್ಟಿಯಿಂದಲೇ ತಂದ ಎರಡನೇ ಕಂತಿನ ಸೊಪ್ಪಿನಲ್ಲಿ ಭಾರಲೋಹ ಪರೀಕ್ಷೆ ಮಾಡಿದ್ದು ಬರೀ ಶಾಸ್ತ್ರಕ್ಕೆ. ಪ್ರಬಂಧದಲ್ಲಿ ಅದಕ್ಕೊಂದು ಜಾಗ ಇರುತ್ತದೆ, ತುಂಬಿಸಬೇಕು. ಪುಡಿಯನ್ನು ಆಮ್ಲದಲ್ಲಿ ಹಾಕಿ, ಕಂದು ಹೊಗೆ ಹೋಗಿ ದ್ರವ ತಿಳಿಯಾಗುವವರೆಗೆ ಕಾಯಿಸಿ, ಸೋಸಿ, ಯಂತ್ರಕ್ಕೆ ಕೊಡುವುದು. ಅಂಕಿ ನೋಡಿದ ಮೇಲೆ ನನಗೆ ನನ್ನ ಮೇಲೆಯೇ ಅನುಮಾನ. ಗಾಜಿನ ಪಾತ್ರೆಯಲ್ಲಿ ಏನಾದರೂ ಇತ್ತಾ? ಆಮ್ಲವೇ ಕಲಬೆರಕೆಯಾ? ಎಲ್ಲ ಪಾತ್ರೆಗಳನ್ನೂ ಆಮ್ಲದಲ್ಲಿ ನೆನೆಹಾಕಿ ತೊಳೆದು ಮತ್ತೆ ಮಾಡಿದೆ. ಸೊಪ್ಪೇ ಇಲ್ಲದ ಬರೀ ಆಮ್ಲವನ್ನೂ ಓಡಿಸಿದೆ, ಅದು ಶುದ್ಧ. ಸೊಪ್ಪನ್ನು ಚೆನ್ನಾಗಿ ತೊಳೆದು ಒಣಗಿಸಿ ಮಾಡಿದೆ. ಸ್ವಲ್ಪ ಇಳಿಯಿತು ಅಷ್ಟೇ, ಮಿತಿಯೊಳಗೆ ಬರಲಿಲ್ಲ. ಅಂದರೆ ಮೇಲಿನ ಧೂಳು ಮಾತ್ರವಲ್ಲ, ಗಿಡದ ಒಳಗೇ ಹೋಗಿದೆ. ಕೊನೆಗೆ ಮೊದಲ ವರ್ಷದ ಪುಡಿ ತೆಗೆದಿಟ್ಟಿದ್ದ ಡಬ್ಬಿ ಹುಡುಕಿ ಅದನ್ನು ಪರೀಕ್ಷಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಗಿಡ ಅದೇ, ಬೆಳೆದ ನೆಲ ಬೇರೆ.

ಆ ನೆಲ ಯಾವುದೆಂದು ನೋಡಲು ಹೋದೆ. ಮನೆಯ ಹಿಂದಿನ ತುಂಡು ಹೊಲದಲ್ಲಿ ಎರಡು ವರ್ಷದ ಹಿಂದೆಯೇ ಪಾಯ ತೆಗೆದಿದ್ದರು. ಅಂದಿನಿಂದ ಅಜ್ಜಿಯ ಮನೆಕೆಲಸದಾಕೆ ಸೊಪ್ಪು ಕೀಳುತ್ತಿದ್ದದ್ದು ರಾಜಕಾಲುವೆಯ ಅಂಚಿನಲ್ಲಿ. ಅಲ್ಲಿ ಸೀಸ ತೆಗೆಯಲು ಹಳೇ ಬ್ಯಾಟರಿ ಒಡೆಯುವ ಶೆಡ್ಡು. ಕಪ್ಪು ಡಬ್ಬಗಳ ಗುಡ್ಡೆ, ಬೂದಿ ಬಣ್ಣದ ಮಣ್ಣು, ಅದರ ಮೇಲೆ ನನ್ನ ಸೊಪ್ಪು ತಾಜಾ ತಾಜಾ, ಹಚ್ಚಗೆ, ಹಾಸಿಟ್ಟ ಹಾಗೆ ಬೆಳೆದಿತ್ತು. ಎಷ್ಟು ಚೆಂದ ಇತ್ತೆಂದರೆ ಕೈ ತಾನಾಗೇ ಕೀಳಲು ಹೋಯಿತು.

ಗೈಡ್ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯ. ನಿವೃತ್ತಿ ಹತ್ತಿರ ಬಂದಿತ್ತು, ಅದಕ್ಕೇ ಸ್ವಲ್ಪ ನನ್ನ ಹಾಗೇ ಆಗಿದ್ದರು.

"ನೋಡಮ್ಮ, ನಿನ್ನ ಟೈಟಲ್ ಇರೋದು ಗಿಡದ ಮೇಲೆ. ಅಜ್ಜಿ ಮೇಲಲ್ಲ," ಎಂದರು. "ಬೇರೆ ಕಡೆಯಿಂದ ಕ್ಲೀನ್ ಸ್ಯಾಂಪಲ್ ತಗೊಂಡು ಬಾ, ರಿಪೀಟ್ ಮಾಡು, ಮುಗಿಸು. ಕನ್ಫರ್ಮ್ ಆಗೋವರೆಗೂ ಹೊರಗಡೆ ಎಲ್ಲೂ ಬಾಯಿ ಬಿಡ್ಬೇಡ. ನಾಳೆ ಟಿವಿಯವರು ಆ ಮುದುಕಿ ಮನೆ ಮುಂದೆ ಮೈಕ್ ಹಿಡ್ಕೊಂಡು ನಿಂತ್ರೆ ಏನ್ ಮಾಡ್ತೀಯ?"

"ಸಾರ್, ಅಲ್ಲಿ ಪ್ರತಿ ಭಾನುವಾರ ಜನ ತಿಂತಾ ಇದಾರೆ."

"ಗೊತ್ತಮ್ಮ," ಎಂದು ಕನ್ನಡಕ ತೆಗೆದು ಒರೆಸಿದರು. "ಮೂರು ಉಂಡೆಯಿಂದ ಯಾರೂ ಸಾಯಲ್ಲ. ಹೋಗಿ ಸೌಮ್ಯವಾಗಿ ಹೇಳು ಅವರಿಗೆ."

ಸೌಮ್ಯವಾಗಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಎಷ್ಟು ಸೌಮ್ಯವೆಂದರೆ ಕೇಳಿಸಿಕೊಂಡವರಿಗೆ ಏನು ಹೇಳಿದಳು ಎಂದು ಗೊತ್ತೇ ಆಗುವುದಿಲ್ಲ. ಒಂದು ಗುರುವಾರ ಹೋಗಿ ಜಗಲಿಯ ಮೇಲೆ ಕೂತು ಸೀಸ, ಮಣ್ಣು, ಶೆಡ್ಡು ಎಂದೆಲ್ಲ ತಡವರಿಸಿದೆ. ಅಜ್ಜಿ ನನಗೆ ಕಾಫಿ ಕೊಟ್ಟು ನಕ್ಕರು.

"ಭೂಮ್ತಾಯಿಗೆ ಮೈಲಿಗೆ ಉಂಟೇನವ್ವ? ನಮ್ಮತ್ತೆ ಕಾಲ್ದಿಂದ ಕೊಡ್ತಾ ಇವ್ನಿ, ಒಬ್ರಾದ್ರೂ ಸತ್ತವ್ರಾ? ಬೇರೆ ಕಡೆ ತಾ ಅಂತೀಯ. ಎಲ್ಲಿಂದ ತರ್ಲಿ? ನೀನೇ ನೋಡು, ಎಲ್ಲಿ ಕಾಲಿಟ್ರೂ ಕಾಂಕ್ರೀಟು."

ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಬಂದೆ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಹಾಗೆ. ಮುಂದಿನ ವಾರ ಇನ್ನೂ ಸರಿಯಾಗಿ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ತಮ್ಮನ ಕಣ್ಣು ಹಳದಿಯಾಯಿತು.

ಬೆಳಗ್ಗೆ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದ. ಬಿಸಿಲು ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿ ಅರಿಶಿನ ಕಲಸಿದ ನೀರಿನಂತಿತ್ತು. ಎರಡು ದಿನದಿಂದ ಊಟ ಸೇರುತ್ತಿಲ್ಲ ಎಂದಿದ್ದ, ಗ್ಯಾಸ್ ಇರಬೇಕು ಎಂದು ನಾನೇ ಮಾತ್ರೆ ಕೊಟ್ಟಿದ್ದೆ. ಅಯ್ಯೋ ಶಿವನೇ, ಇಲಿಗಳ ಕಾಮಾಲೆ ಗುರುತಿಸುವವಳಿಗೆ ಒಡಹುಟ್ಟಿದವನದು ಕಾಣಲಿಲ್ಲವಲ್ಲ!

ವಿಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯ ಫಲಿತಾಂಶ ಫೋನಿಗೆ ಬಂತು. ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಆ ಕಿಣ್ವದ ಅಂಕಿ ನನಗೆ ಚಿರಪರಿಚಿತ. ಔಷಧಿ ಕೊಡದೆ ಬಿಟ್ಟ ಇಲಿಗಳಲ್ಲಿ ನಾನು ನೋಡುತ್ತಿದ್ದದ್ದು ಅಂಥದೇ ಅಂಕಿ. ಬೇರೆ ಅಕ್ಕಂದಿರಿಗೆ ಅದು ಬರೀ ದೊಡ್ಡ ಸಂಖ್ಯೆ. ನನಗೆ ಹಾಗಲ್ಲ. ಅಂಥ ಲಿವರನ್ನು ನಾನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ್ದೇನೆ. ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಸತ್ತ ಕೋಶಗಳನ್ನು ಕಂಡಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮ ನನ್ನ ಹೆಗಲಿಗೆ ಒರಗಿ ಕೂತಿದ್ದ. ನನ್ನ ಕಣ್ಣಿಗೆ ಅವನ ಅಂಗಿಯೊಳಗೆ ಆ ಸ್ಲೈಡೇ ಕಾಣುತ್ತಿತ್ತು.

"ನೀರಿನಿಂದ ಬಂದಿರೋ ಹೆಪಟೈಟಿಸ್ಸು. ವಯಸ್ಸು ಚಿಕ್ಕದು, ತಾನಾಗೇ ವಾಸಿ ಆಗುತ್ತೆ," ಎಂದರು ಡಾಕ್ಟರ್. "ರೆಸ್ಟ್ ಮಾಡ್ಲಿ. ನಾಟಿ ಔಷಧಿ, ಕಷಾಯ, ಏನೂ ಬೇಡ. ಲಿವರ್‌ಗೆ ಈಗ ಕೆಲಸ ಕೊಡಬಾರದು. ಮಂಪರು ಬಂದ್ರೆ, ಮಾತು ತೊದಲಿದ್ರೆ ತಕ್ಷಣ ಕರ್ಕೊಂಡು ಬನ್ನಿ."

ಆ ಕೊನೆಯ ಮಾತು ಹೇಳಬಾರದಿತ್ತು ಆ ಪುಣ್ಯಾತ್ಮ. ತಮ್ಮ ಕಣ್ಣು ಮುಚ್ಚಿದರೆ ಸಾಕು, ಅಲುಗಾಡಿಸಿ ಎಬ್ಬಿಸುತ್ತಿದ್ದೆ.

"ಹದಿನೇಳರ ಮಗ್ಗಿ ಹೇಳು."

"ಏ ಅಕ್ಕಾ, ಅದು ಕಾಮಣಿ ಇಲ್ಲದಾಗೂ ನನಗ ಬರ್ತಿದ್ದಿಲ್ಲ. ಮಲಗಾಕ ಬಿಡವಾ ಮಾರಾಯ್ತಿ!"

ಊರಿನಿಂದ ಅವ್ವನ ಫೋನು. "ಊರ ಮಂದಿಗೆಲ್ಲಾ ಔಷಧ ಹೇಳಾಕಿ ನೀನು. ಒಡಹುಟ್ಟಿದವಗ ಕೊಡಾಕ ಏನ್ ಧಾಡಿ? ಆ ಅಜ್ಜಿ ಕಡೆ ಕರಕೊಂಡ್ ಹೋಗು."

"ಬ್ಯಾಡಬೇ, ಈ ಸಲದ ಸೊಪ್ಪು ಸರಿ ಇಲ್ಲ," ಎಂದೆ. ಯಾಕೆ ಸರಿ ಇಲ್ಲ ಎಂದು ಬಿಡಿಸಿ ಹೇಳಲಿಲ್ಲ. ಗೈಡ್ ಬಾಯಿ ಬಿಡಬೇಡ ಎಂದಿದ್ದರು. ಹೇಳಿದರೆ ಅವ್ವ ಅಲ್ಲಿಂದಲೇ ಬಸ್ಸು ಹತ್ತುತ್ತಾಳೆ ಎಂಬ ಹೆದರಿಕೆ ಬೇರೆ. ತಮ್ಮನಿಗೂ ಅಷ್ಟೇ ಹೇಳಿದ್ದೆ. ಅವನು ಅದನ್ನು ನನ್ನ ಎಂದಿನ ಪುಕ್ಕಲುತನ ಎಂದುಕೊಂಡ.

ಭಾನುವಾರ ಬೆಳಕು ಹರಿಯುವ ಮುಂಚೆ ಕಾಲೇಜಿಗೆ ಹೋಗಬೇಕಾಯಿತು. ಗೈಡ್ ಹೇಳಿದಂತೆ ಬೇರೆ ಕಡೆಯ ಸೊಪ್ಪಿನಿಂದ ಹೊಸ ಪ್ರಯೋಗ ಶುರು ಮಾಡಿದ್ದೆ. ಇಲಿಗಳಿಗೆ ಭಾನುವಾರ ಗೊತ್ತಾಗುವುದಿಲ್ಲ. ಖಾಲಿ ಹೊಟ್ಟೆಗೆ ಡೋಸ್ ಕೊಡಲೇಬೇಕು. ಮುಗಿಸಿ ಓಡೋಡಿ ಮನೆಗೆ ಬಂದರೆ ಬಾಗಿಲಿಗೆ ಬೀಗ. ಕೆಳಗಿನ ಮನೆಯ ಆಂಟಿ ರಂಗೋಲಿ ಬಿಡುತ್ತಿದ್ದರು.

"ನಿನ್ನ ತಮ್ಮ ಈಗ್ ತಾನೇ ಹೋದ ಕಣಮ್ಮ, ಅವನ ಫ್ರೆಂಡು ಗಾಡೀಲಿ ಕೂರಿಸ್ಕೊಂಡು ಹೋದ. ಸುಂಕದಕಟ್ಟೆ ಕಡೆ ಜಾಂಡಿಸ್ ಔಷಧಿ ಹಾಕ್ತಾರಲ್ಲ, ಅಲ್ಲಿಗಂತೆ. ನಮ್ಮಕ್ಕನ ರಿಸರ್ಚಿಗೆ ನಾನೇ ಇಲಿ ಅಂತ ನಗಾಡ್ತಾ ಹೋದ."

ಬಂದ ದಾರಿಯಲ್ಲೇ ರಸ್ತೆಗೆ ಓಡಿದೆ. ಆಟೋ ಹಿಡಿದೆ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಾಗಡಿ ರಸ್ತೆಯಲ್ಲಿ ಭಾನುವಾರವಾದ್ದರಿಂದ ಬರೀ ಮಾಂಸದ ಅಂಗಡಿಗಳ ಮುಂದೆ ಗಾಡಿಗಳಿದ್ದವು. ಮೂರು ಉಂಡೆಯಿಂದ ಯಾರೂ ಸಾಯುವುದಿಲ್ಲ ಎಂದು ಗೈಡ್ ಹೇಳಿದ್ದು ನೆನೆದುಕೊಂಡೆ. ಬುದ್ಧಿಗೆ ಅದು ಸರಿ. ಆದರೆ ಅವನ ಲಿವರ್ ಈಗಾಗಲೇ ನೆಲ ಕಚ್ಚಿದೆ, ಅದರ ಮೇಲೆ ಇನ್ನೊಂದು ಹೊರೆ. ಅರ್ಧ ಸತ್ತಿರುವ ಕೋಶಗಳು ಅದನ್ನು ತಡೆಯುತ್ತವಾ? ಈ ಪ್ರಯೋಗವನ್ನು ನಾನು ಮಾಡಿರಲಿಲ್ಲ. ಯಾರೂ ಮಾಡಿರಲಿಲ್ಲ. ಬೇಗ ಅಣ್ಣ, ಬೇಗ ಎಂದು ಆಟೋದವನ ಸೀಟನ್ನು ಅದುಮುತ್ತಿದ್ದೆ. "ಏನ್ ಮೇಡಂ, ಹೆರಿಗೆ ಕೇಸಾ?" ಎಂದು ಆತ ಕೇಳಿದ.

ಸಾಲು ಹೊಸ್ತಿಲಿನಿಂದ ಬೀದಿಯ ತಿರುವಿನವರೆಗೆ ಇತ್ತು. ತಮ್ಮ ಬಹಳ ಮುಂದೆ ಇದ್ದ. ಅವನ ಮುಂದೆ ಒಬ್ಬಳೇ ತಾಯಿ, ಸೊಂಟದ ಮೇಲೆ ಮೂರೋ ನಾಲ್ಕೋ ವರ್ಷದ ಹೆಣ್ಣುಮಗು. ಒಳಗೆ ಕಂಚಿನ ಬೋಗುಣಿ ಮುಂದಿಟ್ಟುಕೊಂಡು ಅಜ್ಜಿ ಕೂತಿದ್ದರು. ನಾನು ತಮ್ಮನ ತೋಳು ಹಿಡಿದು ಎಳೆದೆ.

"ನಡಿ ಮನಿಗೆ."

"ಅಕ್ಕಾ, ಮೂರ್ ವರ್ಷ ಆತು, ಊಟಕ್ಕ ಕುಂತಾಗೊಮ್ಮೆ ಇದನ್ನ ಹೊಗಳೀದಿ. ಇಲಿಗೆಲ್ಲಾ ಕುಡಿಸೀದಿ. ಈಗ ನನಗ ಬ್ಯಾಡ ಅಂತೀಯಲ್ಲ, ನಾ ಇಲಿಗಿಂತ ಕಡಿಮಿ ಅದೀನೇನು?"

"ಅದರಾಗ ಸೀಸ ಐತಿ!" ಎಂದೆ. ಈ ಸಲ ಸೌಮ್ಯವಾಗಿ ಬರಲಿಲ್ಲ ಮಾತು. ಹಿಂದಿದ್ದವರು ಕತ್ತು ಚಾಚಿದರು.

"ಯಾವಳಮ್ಮ ಇವ್ಳು ಬೆಳ್‌ಬೆಳಿಗ್ಗೆ?"

"ಯಾವ್ದೋ ಆಸ್ಪತ್ರೆಯವ್ರು ಕಳ್ಸಿರ್ತಾರೆ ಬಿಡಿ. ರೀ ಮೇಡಂ, ಬೇಡ ಅಂದ್ರೆ ಪಕ್ಕಕ್ಕೆ ಬನ್ರೀ. ನಾವು ನೆಲಮಂಗಲದಿಂದ ಬಂದಿದೀವಿ."

ಟೆಸ್ಟು ಮಾಡಿದ್ದೇನೆ, ಮಣ್ಣು ಕೆಟ್ಟಿದೆ, ಬ್ಯಾಟರಿ ಶೆಡ್ಡು ಎಂದು ಏನೇನೋ ಹೇಳಿದೆ. ಅರ್ಧಕ್ಕರ್ಧ ಸಾಲಿನ ಗದ್ದಲದಲ್ಲೇ ಮುಳುಗಿತು. ಅಜ್ಜಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, "ಆಮೇಲೆ ಬಾರವ್ವ, ಕೆಲ್ಸದಾಗಿವ್ನಿ," ಎಂದರು. ಉಂಡೆ ಕಟ್ಟಿ ಮಗುವಿನ ಬಾಯಿಯ ಹತ್ತಿರ ತಂದರು. ತಾಯಿ ಮಗುವಿನ ಗಲ್ಲ ಹಿಡಿದಿದ್ದಳು. ಮಗುವಿನ ಕಣ್ಣು ನನ್ನ ತಮ್ಮನ ಕಣ್ಣಿನಷ್ಟೇ ಹಳದಿ.

ತಮ್ಮನನ್ನು ಎಳೆದುಕೊಂಡು ಹೋಗುವುದು ಕಷ್ಟವೇನಿರಲಿಲ್ಲ. ನಾನು ಅತ್ತರೆ ಅವನು ಬಂದುಬಿಡುತ್ತಾನೆ, ನನಗೆ ಗೊತ್ತು. ಆದರೆ ಚಿಕ್ಕ ಮಕ್ಕಳಿಗೆ ಸೀಸ ಏನು ಮಾಡುತ್ತದೆಂದೂ ನನಗೆ ಗೊತ್ತಿತ್ತು. ದೊಡ್ಡವರ ಹಾಗಲ್ಲ, ಅದು ಸೀದಾ ಮೆದುಳಿಗೆ ಕೈ ಹಾಕುತ್ತದೆ. ಆ ಸಾಲಿನಲ್ಲಿ ಇನ್ನೂ ಮಕ್ಕಳಿದ್ದರು. ಆ ಬೋಗುಣಿ ಖಾಲಿಯಾಗುವ ಮೊದಲು ಅದನ್ನು ನಿಲ್ಲಿಸುವ ಶಕ್ತಿ ನನ್ನ ಯಂತ್ರಕ್ಕೂ ಇರಲಿಲ್ಲ, ನನ್ನ ಮಾತಿಗೂ ಇರಲಿಲ್ಲ. ಆ ಮನೆಯಲ್ಲಿ ಔಷಧಿಯನ್ನು ನಿಲ್ಲಿಸಬಲ್ಲದ್ದು ಒಂದೇ ಒಂದು. ಅದು ಹೊಳೆದಾಗ ನನಗೆ ಉಚ್ಚೆ ಬಂದಂತಾಯಿತು. ಸುಳ್ಳಲ್ಲ.

ಹೊಸ್ತಿಲ ಮೇಲೆ ಕಾಲಿಟ್ಟೆ.

"ನೆಲನೆಲ್ಲಿ," ಎಂದೆ. ಸಾಲದು ಅನಿಸಿತು. ಉಸಿರು ಕಟ್ಟಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಅಜ್ಜಿ ಕೊಡ್ತಿರೋದು ನೆಲನೆಲ್ಲಿ! ನೆಲನೆಲ್ಲಿ ಸೊಪ್ಪು!"

ಅಜ್ಜಿಯ ಕೈ ಅಲ್ಲೇ ನಿಂತಿತು. ಉಂಡೆ ಮಗುವಿನ ತುಟಿಗೆ ತಾಗಿಯೂ ತಾಗದಂತಿತ್ತು. ನಿಧಾನಕ್ಕೆ ಕೈ ಹಿಂದಕ್ಕೆ ತಂದು ಉಂಡೆಯನ್ನು ಬೋಗುಣಿಗೆ ಹಾಕಿದರು. ಬಯ್ಯುತ್ತಾರೆ, ಎದ್ದು ಬಂದು ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೋಗುಣಿಯ ಮೇಲೆ ಮೊರ ಬೋರಲು ಹಾಕಿ, ಎರಡೂ ಕೈಯನ್ನು ನೆಲಕ್ಕೆ ಊರಿ ಎದ್ದರು.

"ಹೆಸ್ರು ಬಿತ್ತು. ಇನ್ನಿಲ್ಲ. ಎಲ್ಲಾ ಹೋಗ್ರಪ್ಪ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ಅಲ್ಲಿ ನನಗೆ ಸಿಕ್ಕ ಮರ್ಯಾದೆಯನ್ನು ಬರೆಯುವುದಿಲ್ಲ. ನೆಲಮಂಗಲದವರು ನನ್ನ ವಂಶವನ್ನೇ ಜಾಲಾಡಿದರು. ಯಾರೋ ಚೂಡಿದಾರದ ದುಪಟ್ಟ ಹಿಡಿದು ಎಳೆದರು. ಮಗುವಿನ ತಾಯಿ ಮಾತ್ರ ಬಯ್ಯದೆ, "ಈಗ ಎಲ್ಲಿಗೆ ಹೋಗ್ಲಿ, ನೀವೇ ಹೇಳಿ," ಎಂದು ಅತ್ತಳು. ವಿಜಯನಗರದ ಆಸ್ಪತ್ರೆಯ ದಾರಿ ಹೇಳಿದೆ. ತಮ್ಮ ಮತ್ತು ಅವನ ಗೆಳೆಯ ನನ್ನನ್ನು ಮಧ್ಯೆ ಹಾಕಿಕೊಂಡು ಗಾಡಿಯ ಹತ್ತಿರ ತಂದರು. ಮನೆ ಮುಟ್ಟಿದ ಮೇಲೆ ತಮ್ಮ, "ಖರೇನ ಸೀಸ ಇತ್ತೇನಕ್ಕಾ?" ಎಂದ. ಹೂಂ ಎಂದೆ. "ಮತ್ತ ಮೊದಲ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವನ ಅಂಕಿಗಳು ವಾರ ವಾರಕ್ಕೂ ಇಳಿದವು. ಕಣ್ಣು ಬೆಳ್ಳಗಾಯಿತು. ಮೊದಲ ಸಲ ಮೂರು ರೊಟ್ಟಿ ತಿಂದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಗೈಡ್ ಕೆಂಡಾಮಂಡಲವಾಗಿ ಬೈದರು. ಬೈದು ಮುಗಿದ ಮೇಲೆ ನನ್ನ ಜೊತೆ ಆ ಶೆಡ್ಡಿನ ಹಿಂದಕ್ಕೆ ಬಂದು, ಪ್ಯಾಂಟಿನ ಕಾಲು ಮಡಚಿಕೊಂಡು ಮಣ್ಣಿನ ಸ್ಯಾಂಪಲ್ ತಾವೇ ತೆಗೆದರು. "ಇದಕ್ಕೊಂದು ಚಾಪ್ಟರ್ ಇಡೋಣ. ಬಂದದ್ದು ಬರ್ಲಿ," ಎಂದರು.

ಅಜ್ಜಿಯ ಮನೆ ಕಡೆ ಹೋಗಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಮಾಗಡಿ ರಸ್ತೆಯ ಬಸ್ಸು ಬಂದರೂ ಹತ್ತದೆ ಬಿಟ್ಟುಬಿಡುತ್ತಿದ್ದೆ. ಕೊನೆಗೆ ತಮ್ಮನೇ, "ನಾ ಜೋಡಿಗೆ ಬರ್ತೀನಿ, ಹೊಡದ್ರ ಇಬ್ಬರಿಗೂ ಹೊಡೀಲಿ," ಎಂದು ಗಾಡಿ ಹತ್ತಿಸಿದ.

ಅಜ್ಜಿ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಅವರೇ ಕೇಳಿದರು.

"ಆ ಸೀಸ ಅಂದ್ಯಲ್ಲ. ಹೊಟ್ಟೆಗೋದ್ರೆ ಏನಾಯ್ತದೆ?"

"ಒಂದೆರಡು ಸಲ ಆದ್ರೆ ದೊಡ್ಡವರಿಗೆ ಏನೂ ಆಗಲ್ಲ ಅಜ್ಜಿ. ದಿನಗಟ್ಟಲೆ ಸೇರ್ತಾ ಹೋದ್ರೆ ಮೈಯಲ್ಲೇ ಕೂತ್ಕೊಳುತ್ತೆ. ಹೊಟ್ಟೆ ಕಿವುಚುತ್ತೆ, ಮಲ ಕಟ್ಟುತ್ತೆ, ಸುಸ್ತು. ಕೈ ಸೋಲುತ್ತೆ, ಮಣಿಕಟ್ಟು ಎತ್ತೋಕಾಗಲ್ಲ."

ಅಜ್ಜಿ ಬಲಗೈಯನ್ನು ಮುಂದೆ ಚಾಚಿದರು. ಅಂಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿತ್ತು. ಎತ್ತಲು ಪ್ರಯತ್ನಿಸಿದರು. ಆಗಲಿಲ್ಲ.

"ಹೋದ್ ವರ್ಸದಿಂದ ಹಿಂಗೆ. ವಯಸ್ಸಾಯ್ತಲ್ಲ ಅಂದ್ಕಂಡಿದ್ದೆ," ಎಂದರು. "ಮೊದಲ್ನೇ ಉಂಡೆ ಕೊಡೋಳೇ ತಿನ್ಬೇಕು ಕಣವ್ವ. ಅರೆದ ತಕ್ಷಣ, ಬಾಗ್ಲು ತೆಗಿಯೋಕ್ ಮುಂಚೆ. ನಮ್ಮತ್ತೆ ಮಾಡಿದ ಕಟ್ಲೆ. ತಾನು ತಿನ್ದೇ ಇನ್ನೊಬ್ರಿಗೆ ಹಾಕ್ಬಾರ್ದು. ಭಾನುವಾರ ಭಾನುವಾರ ತಿಂದಿವ್ನಿ."

ನನ್ನ ತಮ್ಮನ ಒಂದು ಉಂಡೆಗಾಗಿ ನಾನು ಆಟೋದಲ್ಲಿ ಜೀವ ಕೈಯಲ್ಲಿ ಹಿಡಿದು ಓಡಿದ್ದೆ. ಎರಡು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಅದನ್ನು ನುಂಗುತ್ತಿದ್ದವರು ಬಾಗಿಲ ಹಿಂದೆಯೇ ಇದ್ದರು. ಒಂದು ಸಲವೂ ನಾನು ಅದನ್ನು ಕೇಳಿರಲಿಲ್ಲ.

ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರ ರಕ್ತದಲ್ಲಿ ಸೀಸ ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಡಾಕ್ಟರ್ ದಾಖಲಾಗಿ ಎಂದರು. ಅದನ್ನು ಹೊರಗೆ ತೆಗೆಯುವ ಔಷಧಿ ಇದೆ, ನಿಧಾನಕ್ಕೆ ಕೈ ಸರಿಹೋಗಬಹುದು ಎಂದರು. ಅಜ್ಜಿ ಅದನ್ನೆಲ್ಲ ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದರು.

"ನಂದು ಬಿಡು. ನಾನು ಹಣ್ಣಾದ ಎಲೆ. ಈ ಎರಡು ವರ್ಸ ನನ್ನ ಕೈಲಿ ತಿಂದ್ಕಂಡು ಹೋದವ್ರನ್ನ ಎಲ್ಲಿ ಹುಡ್ಕೋದು? ಮಕ್ಳು ಮರಿ ಎಲ್ಲಾ ಅವ್ರೆ ಅದ್ರಾಗೆ."

ಕೊಡುವವಳು ಬಂದವರ ಊರು, ಹೆಸರು ಕೇಳಬಾರದು ಎನ್ನುವುದೂ ಅವರ ಅತ್ತೆಯ ಕಟ್ಟಳೆಯೇ ಆಗಿತ್ತು. ಕೇಳಿದರೆ ಋಣ ಬೆಳೆಯುತ್ತದಂತೆ. ಬಂದವರು ಸಾಲಿನಲ್ಲಿ ಬಂದು ಉಂಡೆ ನುಂಗಿ, ಕೈ ಮುಗಿದು, ಮಾಗಡಿ ರಸ್ತೆಯ ಜನದಲ್ಲಿ ಸೇರಿಹೋಗಿದ್ದರು.

ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ಅಜ್ಜಿ ಎಂದಿನಂತೆ ಸ್ನಾನ ಮಾಡಿ ಹೊಸ್ತಿಲ ಹತ್ತಿರ ಕೂತರು. ಮುಂದೆ ಬೋಗುಣಿ ಇರಲಿಲ್ಲ. ಪಕ್ಕದಲ್ಲಿ ನಾನು. ಔಷಧಿ ನಿಂತ ಸುದ್ದಿ ತಿಳಿಯದವರು ಇನ್ನೂ ಬರುತ್ತಿದ್ದರು. ಇಲ್ಲ ಎಂದರೆ ಗೊಣಗುತ್ತಾ ಹೋಗುತ್ತಿದ್ದರು. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಒಬ್ಬ ಗಾರೆ ಕೆಲಸದವನು ಚಪ್ಪಲಿ ದೂರ ಬಿಟ್ಟು ಬಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದ.

"ನೆನಪೈತಾ ತಾಯಿ? ಹೋದ್ ವರ್ಷ ನಾನು, ನಮ್ಮನೆಯವ್ಳು, ಎರಡು ಮಕ್ಳು, ನಾಲ್ಕೂ ಜನ ನಿಮ್ಮ ಕೈಲೇ ತಿಂದು ವಾಸಿ ಆದ್ವಿ. ನಿಮ್ಮ ಕೈ ಗುಣ ತಾಯಿ. ಇವತ್ತು ನಮ್ಮ ಮೇಸ್ತ್ರಿಗೆ ಔಷಧಿ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಜೀವಮಾನವಿಡೀ ಈ ಮಾತು ಕೇಳಿ ನಕ್ಕು ಕೈಯೆತ್ತಿ ಹರಸುತ್ತಿದ್ದವರು ಅಜ್ಜಿ. ಇವತ್ತು ಆ ಮಾತಿಗೆ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಎದ್ದುಹೋಗುತ್ತಾರೇನೋ ಎಂದು ನಾನು ತೋಳಿಗೆ ಕೈ ಕೊಟ್ಟೆ. ಅವರು ನನ್ನ ಕೈ ಸರಿಸಿ, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಬಾರಪ್ಪ, ಇಲ್ಲಿ ಕೂತ್ಕೊ," ಎಂದರು. "ನಿನ್ನ ಹೆಸ್ರೇನು?"